ಗೋರಂಟಿ ಹಚ್ಚಿದ ಬೆರಳು

ಬೆಳಗಿನ ನಮಾಜು ಮುಗಿಸಿ ಜಾನಮಾಜಿನ ಚಾಪೆ ಮಡಚಿಟ್ಟ ಮೇಲೆ ತಸ್ಲೀಮ ಒಂದು ಕೆಲಸವನ್ನು ಎಂದೂ ತಪ್ಪಿಸುವುದಿಲ್ಲ. ಹಾಸ್ಟೆಲಿನ ಮಂಚದ ಅಂಚಿಗೆ ಕುಳಿತು, ಎಡಗೈ ಮಣಿಕಟ್ಟಿನ ಮೇಲೆ ಬಲಗೈಯ ಮೂರು ಬೆರಳಿಟ್ಟು, ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಪೂರಾ ಒಂದು ಸುತ್ತು ಬರುವವರೆಗೆ ತನ್ನದೇ ನಾಡಿ ಎಣಿಸುತ್ತಾಳೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೂ ಉತ್ತರ ಅದೇ ಬರುತ್ತದೆ ಎಂದು ಕೋಣೆಯ ಗೆಳತಿ ಶಮಶಾದ ನಾಲ್ಕು ವರ್ಷದಿಂದ ಹೇಳುತ್ತಲೇ ಇದ್ದಾಳೆ.

"ಇವತ್ತೂ ಜೀವಂತ ಇದ್ದೀಯೇನ್ ಬೇ?" ಎಂದು ಶಮಶಾದ ಚಾದರದ ಒಳಗಿನಿಂದಲೇ ಕೇಳುತ್ತಾಳೆ.

"ಇದ್ದೇನಿ. ಎಪ್ಪತ್ತೆರಡು. ನೀ ಏಳು, ನಿಂದೂ ನೋಡ್ತೇನಿ."

"ನಂದು ಚಾ ಕುಡಿದ ಮ್ಯಾಲೆ ಸುರು ಆಗ್ತದ, ಬಿಡು."

ಈ ರೂಢಿ ಬಂದದ್ದು ಪುಸ್ತಕದಿಂದಲ್ಲ, ಅವಳ ಊರು ಖಜೂರಿಯಿಂದ. ಮಹಾರಾಷ್ಟ್ರದ ಕಡೆ ಹೋಗುವ ರಸ್ತೆಯ ಮಗ್ಗುಲಿಗೆ ಅವಳ ತಂದೆ ಗೌಸಮೊಹಿದ್ದೀನರ ಪಂಕ್ಚರ್ ಅಂಗಡಿ ಇದೆ. ಲಾರಿಯ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಹಿಡಿದು ಅವರು ಸುಮ್ಮನೆ ಕಾಯುತ್ತಿದ್ದರು. ಡ್ರೈವರು ಗಡಿಬಿಡಿ ಮಾಡಿದರೆ, "ದೊಡ್ಡ ತೂತು ತಾನಾಗೇ ಒದರ್ತದ ಭಾಯಿ. ಸಣ್ಣದು ಕಾಯಿಸಿ ಕಾಯಿಸಿ ಒಂದೇ ಒಂದು ಗುಳ್ಳಿ ಬಿಡ್ತದ" ಅನ್ನುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಪಾಠ ಓದುತ್ತಿದ್ದ ಮಗಳು ಆ ಗುಳ್ಳೆಗಾಗಿ ತಾನೂ ಕಾಯುವುದನ್ನು ಕಲಿತಳು. ಊರಿನ ಕನ್ನಡ ಶಾಲೆ, ಆಮೇಲೆ ಆಳಂದದ ಕಾಲೇಜು, ಪ್ರವೇಶ ಪರೀಕ್ಷೆಯಲ್ಲಿ ಒಂದು ಸಲ ಸೋಲು, ಮರುವರ್ಷ ಗೆಲುವು. ಹೀಗೆ ಕಲಬುರಗಿಯ ವೈದ್ಯಕೀಯ ಕಾಲೇಜು ಸೇರಿದವಳು ಈಗ ಕೊನೆಯ ವರ್ಷಕ್ಕೆ ಬಂದಿದ್ದಾಳೆ.

ಆ ಅಕ್ಟೋಬರಿನಲ್ಲಿ ಅವಳ ತಂಡಕ್ಕೆ ಮಕ್ಕಳ ಹೃದಯ ವಿಭಾಗದಲ್ಲಿ ಮೂರು ವಾರದ ಪೋಸ್ಟಿಂಗ್ ಬಿತ್ತು. ಬಹಳ ವಿದ್ಯಾರ್ಥಿಗಳಿಗೆ ಆ ವಾರ್ಡೆಂದರೆ ಅಂಜಿಕೆ. ದೊಡ್ಡವರ ಎದೆಗೆ ಸ್ಟೆತಸ್ಕೋಪು ಇಟ್ಟರೆ ಅವರು ಉಸಿರು ಬಿಗಿಹಿಡಿದು ಸಹಕರಿಸುತ್ತಾರೆ. ಮಕ್ಕಳು ಅದರ ನಳಿಕೆಯನ್ನೇ ಬಾಯಿಗೆ ಹಾಕಿಕೊಳ್ಳುತ್ತವೆ, ಇಲ್ಲವೇ ಬಿಳಿ ಕೋಟು ಕಂಡೊಡನೆ ಕಿರುಚುತ್ತವೆ. ತಸ್ಲೀಮಳಿಗೆ ಇದು ತೊಂದರೆ ಅನ್ನಿಸಲೇ ಇಲ್ಲ. ಬಿಳಿ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಮಗುವಿನ ಮಂಚದ ಹತ್ತಿರ ನೆಲಕ್ಕೇ ಕುಳಿತು, ತಾಯಿಯ ಜೊತೆ ಊರು ಕೇರಿಯ ಮಾತು ತೆಗೆಯುತ್ತಿದ್ದಳು. ಮಗು ಅಳು ಮರೆತು ಇವಳನ್ನು ನೋಡತೊಡಗಿದಾಗ ಅಂಗೈಯಲ್ಲಿ ಬೆಚ್ಚಗಾದ ಸ್ಟೆತಸ್ಕೋಪು ಮೆಲ್ಲಗೆ ಅದರ ಎದೆಗೆ ಹೋಗುತ್ತಿತ್ತು.

"ನೀವು ಡಾಕ್ಟರ್ ಆಗೂಕಿಂತ ಸೂಲಗಿತ್ತಿ ಆಗಬೇಕಿತ್ತು ನೋಡ್ರಿ ಮೇಡಂ," ಎಂದು ವಾರ್ಡಿನ ಹಿರಿಯ ನರ್ಸು ಸಕ್ಕುಬಾಯಿ ನಗುತ್ತಿದ್ದರು. "ಹೆಂಗಸರು ನಿಮ್ಮ ಮುಂದ ಅತ್ತಿ ಮ್ಯಾಲಿನ ಚಾಡಿನೂ ಹೇಳಾಕತ್ಯಾರ."

"ಅದರಾಗೇ ರೋಗ ಇರ್ತದ ಸಿಸ್ಟರ್."

ವಿಭಾಗದ ಮುಖ್ಯಸ್ಥರು ಡಾಕ್ಟರ್ ಕಲ್ಯಾಣಕುಮಾರ. ತೆಳ್ಳನೆಯ, ಗಟ್ಟಿ ದನಿಯ ಮನುಷ್ಯ. ಹೊಗಳುವುದು ಅಪರೂಪ. ಆ ತಿಂಗಳು ಅವರು ಅಫಜಲಪುರ, ಜೇವರ್ಗಿ, ಆಳಂದ ಮೂರೂ ತಾಲೂಕುಗಳಲ್ಲಿ ಮಕ್ಕಳ ಹೃದಯ ತಪಾಸಣೆಯ ಶಿಬಿರ ಇಟ್ಟುಕೊಂಡಿದ್ದರು. ಮೊದಲ ಎರಡು ಶಿಬಿರಗಳಲ್ಲಿ ಹೃದಯದ ದೋಷ ಕಂಡ ಮಕ್ಕಳ ಪಟ್ಟಿ ಶನಿವಾರದೊಳಗೆ ತಯಾರಾಗಬೇಕಿತ್ತು. ಮುಂದಿನ ವಾರ ಬೆಂಗಳೂರಿನಿಂದ ಶಸ್ತ್ರಚಿಕಿತ್ಸೆಯ ತಂಡ ಬರುವುದಿತ್ತು. ಅದು ತಪ್ಪಿದರೆ ಮತ್ತೆ ಬರುವುದು ಬೇಸಿಗೆಗೆ.

ಅಫಜಲಪುರದ್ದು ಮುಗಿದು ಬುಧವಾರ ಜೇವರ್ಗಿಯ ಸರದಿ. ದಸರಾ ಮುಗಿದು ಇನ್ನೂ ವಾರ ಆಗಿರಲಿಲ್ಲ. ಸರಕಾರಿ ಆಸ್ಪತ್ರೆಯ ಅಂಗಳದಲ್ಲಿ ಹೊತ್ತೇರುವ ಮೊದಲೇ ನೂರು ನೂರೈವತ್ತು ಜನ. ತಸ್ಲೀಮಳನ್ನು ಮೊದಲ ಮೇಜಿಗೆ ಕೂರಿಸಿದ್ದರು. ಮಗುವಿನ ಬೆರಳಿಗೆ ಕ್ಲಿಪ್ಪಿನಂಥ ಆಕ್ಸಿಮೀಟರು ಕಚ್ಚಿಸಿ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ನೋಡಿ, ಹಾಳೆಯ ಮೇಲೆ ಬರೆಯಬೇಕು. ತೊಂಬತ್ತೈದಕ್ಕಿಂತ ಕಡಿಮೆ ಬಂದವರು ಒಳಗಿನ ಕೋಣೆಗೆ, ಕಲ್ಯಾಣಕುಮಾರರ ಎಕೋ ಯಂತ್ರದ ಮುಂದೆ. ಉಳಿದವರು ಮನೆಗೆ.

ಮೊದಲ ಅರ್ಧ ತಾಸಿನಲ್ಲೇ ವಿಚಿತ್ರ ಆಯಿತು. ಗುಂಡಗಿದ್ದ, ಜಿಗಿದಾಡುತ್ತಿದ್ದ ಹೆಣ್ಣುಮಕ್ಕಳಿಗೆ ಎಂಬತ್ತೆಂಟು, ತೊಂಬತ್ತು ಅಂತ ಬರತೊಡಗಿತು. ಒಳಗಿನ ಕೋಣೆಯ ಮುಂದೆ ಸಾಲು ಬೆಳೆಯಿತು. ತಸ್ಲೀಮ ಒಂದು ಹುಡುಗಿಯ ಕೈ ತಿರುಗಿಸಿ ನೋಡಿದಳು. ಉಗುರು ಸಮೇತ ಬೆರಳ ತುದಿಯೆಲ್ಲ ಕರ್ರಗೆ. ಹಬ್ಬಕ್ಕೆ ಹಚ್ಚಿದ ಗೋರಂಟಿ. ಅರೆದ ಎಲೆಯದಲ್ಲ, ಸಂತೆಯಲ್ಲಿ ಸಿಗುವ ಕಪ್ಪು ಕೋನಿನದು. ಆಕ್ಸಿಮೀಟರಿನ ಬೆಳಕು ಉಗುರಿನ ಮೂಲಕವೇ ಹೋಗಬೇಕು. ಆ ಕಪ್ಪಿನಲ್ಲಿ ಅದು ಹೇಗೆ ಹೋದೀತು? ಪೆಟ್ಟಿಗೆಯಿಂದ ಕಿವಿಗೆ ಹಾಕುವ ಕ್ಲಿಪ್ಪು ತೆಗೆದು ಹುಡುಗಿಯ ಕಿವಿಯ ಹಾಲೆಗೆ ಹಚ್ಚಿದಳು. ತೊಂಬತ್ತೆಂಟು. ಮತ್ತೊಬ್ಬಳಿಗೆ, ಮಗದೊಬ್ಬಳಿಗೆ. ಎಲ್ಲರಿಗೂ ತೊಂಬತ್ತೆಂಟು, ತೊಂಬತ್ತೊಂಬತ್ತು.

ಕಲ್ಯಾಣಕುಮಾರರು ಹೊರಗೆ ಬಂದು ನೋಡಿ, "ಶಾಬಾಶ್!" ಅಂದರು. ಎಲ್ಲರಿಗೂ ಕೇಳುವಂತೆ ಅಂದರು. "ಇದು ನನಗೂ ಹೊಳೀಲಿಲ್ಲ ನೋಡ್ರಿ."

ಆ ಶಾಬಾಶ್ ತಸ್ಲೀಮಳ ಎದೆಯಲ್ಲಿ ಮಧ್ಯಾಹ್ನದವರೆಗೂ ಬೆಚ್ಚಗಿತ್ತು. ಮುಂದೆ ಆದದ್ದಕ್ಕೂ ಅದೇ ಕಾರಣ.

ಎರಡು ಗಂಟೆಯ ಸುಮಾರಿಗೆ ಯಡ್ರಾಮಿ ಕಡೆಯ ಒಂದು ಹಳ್ಳಿಯಿಂದ ನಿಂಬೆವ್ವ ಎಂಬ ಮುದುಕಿ ಐದು ವರ್ಷದ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಹುಡುಗಿಯ ಹೆಸರು ಜಯಮಾಲಾ. ಹತ್ತೂ ಬೆರಳಿಗೆ ಕಪ್ಪು ಗೋರಂಟಿ. ಅಜ್ಜಿ ಬಾಯಿಂದ ತೆಗೆದು ಕೊಟ್ಟ ಎಲೆಅಡಿಕೆಯ ಚೂರು ಜಗಿದು ತುಟಿ ನಾಲಿಗೆ ಎರಡೂ ಕೆಂಪಾಗಿದ್ದವು.

"ಐದು ವರ್ಷದಾಕೀನ ಎತ್ತಿಕೊಂಡು ತಿರಗತೀ ಏನವ್ವಾ? ನಿನ್ನ ನಡ ಮುರೀತದ," ಎಂದರು ಪಕ್ಕದಲ್ಲಿದ್ದ ಸಕ್ಕುಬಾಯಿ.

"ಏನ್ ಮಾಡಲೆವ್ವಾ, ನಡದ್ರ ಕುಂತೇ ಬಿಡ್ತಾಳ. ನಾಕು ಹೆಜ್ಜಿ ಓಡ್ತಾಳ, ಕುಕ್ಕರಗಾಲಲೆ ಕುಂದರ್ತಾಳ. ಮತ್ತ ನಾಕು ಹೆಜ್ಜಿ, ಮತ್ತ ಕುಂದರ್ತಾಳ. ಮುದುಕಿ ನಾನೋ ಅಕೀನೋ ಅಂತ ಊರಾಗ ಮಂದಿ ನಗ್ತಾರ."

ತಸ್ಲೀಮ ನಕ್ಕಳು. ಬೆರಳಿಗೆ ಕ್ಲಿಪ್ಪು ಹಾಕಿದಳು. ಎಂಬತ್ತೊಂದು. ಕಿವಿಯ ಕ್ಲಿಪ್ಪಿಗೆ ಕೈ ಚಾಚುವಷ್ಟರಲ್ಲಿ ನಿಂಬೆವ್ವ, "ಲಗೂನ ಬಿಡ್ರೆವ್ವಾ, ಬಸ್ಸು ಹೋಗ್ತದ. ನಾಳೆ ನಸುಕಿನಾಗ ಮಗ ಸೊಸಿ ಕಬ್ಬು ಕಡಿಯಾಕ ಹೊಂಟಾರ, ನಾನೂ ಕೂಸಿನ ಕೂಡ ಹೋಗ್ತೇನಿ. ಗಂಟು ಕಟ್ಟೂದು ಹಂಗೇ ಅದ" ಎಂದು ಅವಸರ ಮಾಡಿದಳು. ಬೆಳಗಿನಿಂದ ಇಪ್ಪತ್ತು ಕಿವಿ ನೋಡಿಯಾಗಿತ್ತು, ಇಪ್ಪತ್ತೂ ಸರಿಯಿದ್ದವು. ತಸ್ಲೀಮ ಹಾಳೆಯ ಮೇಲೆ, "ಗೋರಂಟಿ ಕಾರಣ ಅಂಕಿ ನಂಬಲಾಗದು. ತೊಂದರೆ ಇಲ್ಲ" ಎಂದು ಬರೆದು ಸಹಿ ಹಾಕಿ, "ಏನೂ ಇಲ್ಲವ್ವಾ, ಹೋಗಿಬರ್ರಿ" ಅಂದಳು.

ಮರುದಿನ ಬೆಳಿಗ್ಗೆ ವಾರ್ಡಿನ ಸುತ್ತು ನಡೆದಿತ್ತು. ಏಳೆಂಟು ವರ್ಷದ ಹುಡುಗನೊಬ್ಬನನ್ನು ಕಲ್ಯಾಣಕುಮಾರರು ಪಡಸಾಲೆಯ ಆ ತುದಿಯವರೆಗೆ ನಡೆದು ಬರಲು ಹೇಳಿದರು. ಅರ್ಧಕ್ಕೆ ಹೋದವನು ಮೊಣಕಾಲು ಮಡಚಿ ಕುಕ್ಕರಿಸಿದ.

"ಯಾಕ ಕುಂತ?" ಎಂದು ವಿದ್ಯಾರ್ಥಿಗಳನ್ನು ಕೇಳಿದರು. ಉತ್ತರವನ್ನೂ ತಾವೇ ಹೇಳಿದರು.

"ಇವನ ಎದಿ ಒಳಗ ಎರಡು ಕೋಣಿ ನಡು ತೂತು ಅದ, ಪುಪ್ಪುಸಕ್ಕ ರಕ್ತ ಹೋಗೋ ದಾರಿ ಇಕ್ಕಟ್ಟು ಅದ. ನಡೆದ್ರ ಕೆಟ್ಟ ರಕ್ತ ಮೈಗೆಲ್ಲ ಹೋಗಿ ಉಸಿರು ಕಟ್ತದ. ಕುಕ್ಕರಗಾಲಲೆ ಕುಂತ್ರ ರಕ್ತ ಹೊಳ್ಳಿ ಪುಪ್ಪುಸದ ಕಡಿ ಹೋಗ್ತದ. ಆರಾಮ ಅನಸ್ತದ. ನಮ್ಮ ಕಡಿ ತೊಂದರೆ ಏನು ಗೊತ್ತದೇನು? ಇಲ್ಲಿ ಎಲ್ಲರೂ ಕುಕ್ಕರಗಾಲಲೇ ಕೂಡ್ತಾರ. ಚಾ ಕುಡಿಯೋರು, ಬಸ್ಸಿಗೆ ಕಾಯೋರು. ಅದಕ್ಕ ಕೂಸು ಕುಂತ್ರ ರೋಗ ಅಂತ ಯಾರಿಗೂ ಅನಸೂದಿಲ್ಲ."

ತಸ್ಲೀಮಳ ಕಿವಿಯಲ್ಲಿ ನಿಂಬೆವ್ವನ ಮಾತು ಮೊದಲಿನಿಂದ ಕೊನೆಯವರೆಗೆ ಮತ್ತೆ ನಡೆಯಿತು. ನಾಕು ಹೆಜ್ಜಿ ಓಡ್ತಾಳ, ಕುಂದರ್ತಾಳ. ಅವಳು ಕೇಳಿಸಿಕೊಂಡಿದ್ದಳು, ನಕ್ಕೂ ಇದ್ದಳು. ಕೇಳಿಸಿಕೊಂಡದ್ದನ್ನು ತೂಗಿ ನೋಡಿರಲಿಲ್ಲ. ಎಲೆಅಡಿಕೆಯ ಕೆಂಪಿನ ಕೆಳಗೆ ಆ ತುಟಿ ನೀಲಿಗಟ್ಟಿತ್ತೇ? ಗೋರಂಟಿಯ ಕೆಳಗೆ ಉಗುರು?

ಸುತ್ತು ಮುಗಿಯುವವರೆಗೆ ಅವಳು ಕಾಯಲಿಲ್ಲ.

"ಸರ್, ನಿನ್ನೆ ಜೇವರ್ಗಿಯೊಳಗ ನಾ ಒಂದು ಕೂಸಿಗಿ ತಪ್ಪು ನೋಡಿ ಕಳಿಸೇನಿ." ಎಲ್ಲರ ಮುಂದೆ ಬಿಡಿಸಿ ಹೇಳಿದಳು: ಎಂಬತ್ತೊಂದು, ಗೋರಂಟಿ, ಕಿವಿಗೆ ಹಾಕದೆ ಬಿಟ್ಟದ್ದು, ಅಜ್ಜಿಯ ಮಾತು.

ಕಲ್ಯಾಣಕುಮಾರರು ಅವಳ ಮುಖ ನೋಡಿದರು. "ಮೊದಲ ಫೋನ್ ಹಚ್ಚು. ಆಮ್ಯಾಲೆ ಅಳು."

"ಅಳಂಗಿಲ್ಲ ಸರ್."

ಹಾಳೆಯಲ್ಲಿದ್ದ ನಂಬರು ಮನೆಯವರದಾಗಿರಲಿಲ್ಲ. ಎತ್ತಿದವನು ಅದೇ ಓಣಿಯ ಕಿರಾಣಿ ಅಂಗಡಿಯ ಮಸೂದ. "ನಿಂಬೆವ್ವನ ಮಗ ಅಮೋಘಸಿದ್ದ ಅಲ್ರೀ? ಅವ್ರು ನಸುಕಿನಾಗೇ ಹ್ವಾದ್ರಿ. ಎರಡು ಟ್ರ್ಯಾಕ್ಟರ್ ಮಂದಿ. ಲಾತೂರ ಕಡಿ, ಉಮರ್ಗಾ ಮ್ಯಾಲಿಂದ. ಇನ್ನ ಬರೂದು ಯುಗಾದಿಗೇ."

"ಅವರ ಕೈಯಾಗ ಫೋನ್?"

"ಅದಕ್ಕ ಚಾರ್ಜ್ ಇದ್ರ ಅಲ್ರೀ!"

ಆರು ತಿಂಗಳು. ಕಬ್ಬಿನ ಹೊಲದ ಗುಡಿಸಲಲ್ಲಿ, ಆಸ್ಪತ್ರೆ ಎಲ್ಲಿದೆ ಎಂದೂ ತಿಳಿಯದ ಊರಲ್ಲಿ, ಒಂದು ದಿನ ಆ ಹುಡುಗಿ ಕುಳಿತರೂ ಉಸಿರು ತಿರುಗದಿದ್ದರೆ? ತಸ್ಲೀಮ ಕಣ್ಣು ಮುಚ್ಚಿ ಒಂದೇ ಸಲ ದೇವರನ್ನು ನೆನೆದಳು. ಕಣ್ಣು ತೆರೆದಾಗ ರಸ್ತೆ ಕಂಡಿತು. ಕಲಬುರಗಿ, ಆಳಂದ, ಖಜೂರಿ, ಉಮರ್ಗಾ. ಮಂದಿ ತುಂಬಿದ ಟ್ರ್ಯಾಕ್ಟರು ನಸುಕಿಗೆ ಬಿಟ್ಟರೂ ಹನ್ನೆರಡಕ್ಕೆ ಮೊದಲು ಗಡಿ ದಾಟುವುದಿಲ್ಲ. ಗಡಿಗೆ ಮೊದಲು ಅಬ್ಬಾನ ಅಂಗಡಿ. ತಂದೆಗೆ ಫೋನ್ ಹಚ್ಚಿದಳು.

ಮನೆಯಲ್ಲಿ ಅಪ್ಪ ಮಗಳ ಮಾತು ದಖನಿ ಉರ್ದುವಿನಲ್ಲೇ ನಡೆಯುತ್ತದೆ. ಆದರೆ ಅಂಗಡಿಯಲ್ಲಿ ಗಿರಾಕಿ ನಿಂತಿದ್ದರೆ ಗೌಸಮೊಹಿದ್ದೀನರು ಮಗಳ ಜೊತೆಗೂ ಕನ್ನಡಕ್ಕೆ ಇಳಿಯುತ್ತಾರೆ. ಮುಂದಿರುವವನಿಗೆ ತಿಳಿಯದ ಮಾತಾಡಬಾರದು ಎಂಬುದು ಅವರ ಮರ್ಯಾದೆ.

"ಅಬ್ಬಾ, ಕಬ್ಬು ಕಡಿಯೋರ ಎರಡು ಟ್ರ್ಯಾಕ್ಟರ್ ಬರ್ತಾವ. ಯಡ್ರಾಮಿ ಕಡಿಯವು. ಅಮೋಘಸಿದ್ದ ಅಂತ ಕೇಳ್ರಿ. ನಿಂದ್ರಸ್ರಿ."

"ನಾ ಏನ್ ಪೊಲೀಸಾ ಬೇಟಾ?"

"ಅವರ ಕೂಸಿನ ಎದಿಯೊಳಗ ತೂತು ಅದ. ನಾ ನಿನ್ನೆ ನೋಡಲಿಲ್ಲ."

ಆ ಕಡೆ ಪಾನಾ ಕೆಳಗಿಟ್ಟ ಸಪ್ಪಳ ಕೇಳಿತು. ಆಮೇಲೆ, "ನೀ ಬಾ. ನಾ ನಿಂದ್ರಸ್ತೇನಿ."

ಕಲ್ಯಾಣಕುಮಾರರು ವಿಭಾಗದ ಜೀಪು ಕೊಟ್ಟು, ಜೊತೆಗೆ ಸಕ್ಕುಬಾಯಿಯವರನ್ನೂ ಒಂದು ಆಕ್ಸಿಜನ್ ಸಿಲಿಂಡರನ್ನೂ ಕಳಿಸಿದರು. ತಸ್ಲೀಮ, ಸಕ್ಕುಬಾಯಿ ಖಜೂರಿ ಮುಟ್ಟಿದಾಗ ಒಂದು ಗಂಟೆ. ಅಂಗಡಿಯ ಮುಂದಿನ ಬೇವಿನ ಗಿಡದ ಕೆಳಗೆ ಮೂವತ್ತು ನಲವತ್ತು ಜನ ಕುಳಿತಿದ್ದರು. ಕೆಲವರ ಕೈಯಲ್ಲಿ ಚಹಾ. ಗೌಸಮೊಹಿದ್ದೀನರು ಎರಡೂ ಟ್ರ್ಯಾಕ್ಟರುಗಳ ಚಕ್ರ ನೋಡುತ್ತ ಅಡ್ಡಾಡುತ್ತಿದ್ದರು.

"ಹೆಂಗ ನಿಂದ್ರಿಸಿದ್ರಿ ಚಾಚಾ?" ಎಂದು ಸಕ್ಕುಬಾಯಿ ಕೇಳಿದರು.

"ರಸ್ತಾದ ನಡು ಕುರ್ಚಿ ಹಾಕ್ಕೊಂಡು ಕುಂತೆ. ಮುದುಕನ ಮ್ಯಾಲೆ ಹಾಯಿಸ್ತಾರೇನ್ರಿ? ಆಮ್ಯಾಲೆ ಎಲ್ಲಾ ಚಕ್ರದಾಗ ಗಾಳಿ ತುಂಬಿಕೊಟ್ಟೆ. ಬೈಯೋದು ಬಿಟ್ಟು ಚಾ ಕುಡ್ಯಾಕತ್ರು."

ಎಲ್ಲರೂ ಬೈಯುವುದು ಬಿಟ್ಟಿರಲಿಲ್ಲ. ಅಮೋಘಸಿದ್ದ ಎದ್ದು ಬಂದ. ಎತ್ತರದ ಆಳು, ಹೆಗಲ ಮೇಲೆ ಟವೆಲ್ಲು. ಅವನ ಹಿಂದೆ ಇಡೀ ಗ್ಯಾಂಗು ಕಾದು ನಿಂತಿತ್ತು.

"ನೀವೇ ಏನ್ರಿ ಆ ಡಾಕ್ಟರಬಾಯಿ? ನಿನ್ನೆ ನಮ್ಮವ್ವಗ ಏನೂ ಇಲ್ಲ ಹೋಗಿಬರ್ರಿ ಅಂದವರೂ ನೀವೇ, ಇವತ್ತು ರಸ್ತಾದಾಗ ಅಡ್ಡ ಹಾಕಿ ಅದ ಅಂದವರೂ ನೀವೇ. ಯಾವುದು ಖರೇ?"

"ಇವತ್ತಿಂದು ಖರೇ. ನಿನ್ನೆ ನಂದು ತಪ್ಪಾಗೇದ."

ಅವನು ಟವೆಲ್ಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡ. ಮತ್ತೆ, "ನಾಳೆ ಇವತ್ತಿಂದೂ ತಪ್ಪು ಅಂತೀರಿ" ಅಂದ.

"ನಾಳೆ ನಾ ಒಬ್ಬಾಕಿ ನೋಡಂಗಿಲ್ಲ. ದೊಡ್ಡ ಡಾಕ್ಟರು ನೋಡ್ತಾರ. ಎದಿ ಒಳಗಿಂದು ಪರದೆ ಮ್ಯಾಲೆ ಕಾಣಸ್ತದ, ನೀವೂ ನೋಡ್ರಿ. ಈಗ ಒಂದೀಟು ಕಿವಿ ಕೊಡ್ರಿ. ಖರೇನೇ ಕಿವಿ."

ಅವನು ಏನೆನ್ನುವುದರೊಳಗೆ ಕ್ಲಿಪ್ಪು ಅವನ ಕಿವಿ ಕಚ್ಚಿತ್ತು. ಸುತ್ತಲಿನವರು ಗೊಳ್ಳೆಂದು ನಕ್ಕರು. "ಸಿದ್ದಣ್ಣಗ ಲೋಲಾಕ ಹಾಕ್ಯಾರಲೇ!"

"ಎಷ್ಟದ ಓದ್ರಿ," ಅಂದಳು ತಸ್ಲೀಮ.

"ತೊಂಬತ್ತೇಳು."

ತನ್ನ ಕಿವಿಗೆ ಹಾಕಿಕೊಂಡಳು. ತೊಂಬತ್ತೆಂಟು. ಗೋರಂಟಿ ಹಚ್ಚಿಕೊಂಡಿದ್ದ ಇನ್ನೊಬ್ಬ ಹುಡುಗಿಯ ಕಿವಿಗೆ ಹಾಕಿದಳು. ತೊಂಬತ್ತೊಂಬತ್ತು. ಆಮೇಲೆ ನಿಂಬೆವ್ವನ ಹತ್ತಿರ ಹೋಗಿ, ಅವಳ ತೊಡೆಗೆ ಒರಗಿ ಕುಕ್ಕರಗಾಲಲ್ಲಿ ಕುಳಿತಿದ್ದ ಜಯಮಾಲಾಳ ಮುಂದೆ ತಾನೂ ಹಾಗೆಯೇ ಕುಳಿತು, ಕ್ಲಿಪ್ಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಹಾಕಿದಳು. ಅಮೋಘಸಿದ್ದ ಬಗ್ಗಿ ನೋಡಿದ. ಅಂಕಿ ಎಂಬತ್ತರ ಆಚೆ ಈಚೆ ಆಡಿ ಎಪ್ಪತ್ತೊಂಬತ್ತಕ್ಕೆ ನಿಂತಿತು. ಅವನು ಯಂತ್ರವನ್ನೊಮ್ಮೆ ತಟ್ಟಿದ. ಅದು ಅಲ್ಲೇ ಇತ್ತು.

"ಸುಮ್ಮಸುಮ್ಮನ ಕುಂದ್ರಂಗಿಲ್ಲ ಇಕಿ," ಎಂದು ತಸ್ಲೀಮ ನಿಂಬೆವ್ವನಿಗೆ ಹೇಳಿದಳು. "ಉಸಿರು ಸಾಲದಕ್ಕ ಕುಂದರ್ತಾಳ. ಯಾರೂ ಕಲಿಸಿಲ್ಲ, ದೇವರೇ ಕಲಿಸ್ಯಾನ. ನೀವು ನಿನ್ನೆ ನನಗ ಸರಿಯಾಗಿ ಹೇಳಿದ್ರಿ. ನಾ ಸರಿಯಾಗಿ ಕೇಳಲಿಲ್ಲ."

ಮುದುಕಿ ಬಾಯಲ್ಲಿನ ಎಲೆಅಡಿಕೆ ಉಗುಳಿ ಸೆರಗಿನಿಂದ ತುಟಿ ಒರೆಸಿಕೊಂಡಳು. "ಎಪ್ಪತ್ತು ವರ್ಷದಾಗ ತಪ್ಪಾತು ಅಂದ ಡಾಕ್ಟರನ್ನ ಇವತ್ತೇ ನೋಡಿದ್ನೋ ಸಿದ್ದಾ. ಹಿಂಗ ಅಂದಾಕಿ ಸುಳ್ಳು ಹೇಳಾಕ ಇಷ್ಟ ದೂರ ಬರ್ತಾಳೇನು?"

"ಗ್ಯಾಂಗಿನಾಗ ಜೋಡಿ ಕಡಿಮಿ ಬೀಳ್ತದ ಎವ್ವಾ," ಎಂದು ಅಮೋಘಸಿದ್ದ ಮೆಲ್ಲಗೆ ಅಂದ. ಒಬ್ಬರು ಕಡಿದರೆ ಇನ್ನೊಬ್ಬರು ಹೊರೆ ಕಟ್ಟಬೇಕು. ಗಂಡ ಹೆಂಡತಿ ಸೇರಿದರೇ ಅಲ್ಲಿ ಒಂದು ಆಳು.

ಅಷ್ಟರಲ್ಲಿ ಗಿಡದ ಕೆಳಗೆ ಕುಳಿತಿದ್ದ ಅವನ ಹೆಂಡತಿ ಎದ್ದು, ಟ್ರ್ಯಾಕ್ಟರ್ ಹತ್ತಿ ತಮ್ಮ ಗಂಟನ್ನು ಎಳೆದು ಕೆಳಗಿಳಿಸಿದಳು. ಪಾತ್ರೆಗಳು ಗಲಗಲ ಅಂದವು. ಕಬ್ಬು ಕಡಿಯುವ ಕತ್ತಿ ಎರಡನ್ನೂ ಗಂಟಿನಿಂದ ಹಿರಿದು ಗ್ಯಾಂಗಿನ ಹಿರಿಯನ ಕೈಗೆ ಕೊಟ್ಟು ಬಂದು ಜೀಪಿನಲ್ಲಿ ಕುಳಿತಳು. ಅಮೋಘಸಿದ್ದ ಮಗಳನ್ನು ಎತ್ತಿಕೊಂಡು, ತಾಯಿಯ ಕೈ ಹಿಡಿದು ಹಿಂದೆಯೇ ಹತ್ತಿದ.

ಕಲಬುರಗಿಯ ಎಕೋ ಕೋಣೆಯಲ್ಲಿ ಅಮೋಘಸಿದ್ದ ಪರದೆಯ ಮೇಲೆ ಮಗಳ ಹೃದಯವನ್ನು ನೋಡಿದ. ತೂತನ್ನು ಕಲ್ಯಾಣಕುಮಾರರು ತೋರಿಸುವ ಮೊದಲೇ ಅವನೇ ಬೆರಳು ಮಾಡಿ, "ಇದೇನ್ರಿ?" ಅಂದ. ಪಟ್ಟಿಯಲ್ಲಿ ಕೊನೆಯ ಹೆಸರಾಗಿ ಶುಕ್ರವಾರ ಜಯಮಾಲಾಳ ಹೆಸರು ಏರಿತು. ಮುಂದಿನ ಬುಧವಾರ ಅವಳ ಎದೆ ತೆರೆದು ತೂತು ಮುಚ್ಚಿದರು, ದಾರಿ ಹಿಗ್ಗಿಸಿದರು. ಐದು ತಾಸು. ಆ ಐದು ತಾಸೂ ತಸ್ಲೀಮ ವಾರ್ಡಿನ ಬೇರೆ ಮಕ್ಕಳನ್ನು ನೋಡುತ್ತಲೇ ಇದ್ದಳು. ನಡುವೆ ಒಂದು ಸಲ ಹೊರಗೆ ಹೋಗಿ ನಿಂಬೆವ್ವನ ಪಕ್ಕ ಕುಳಿತು, ಅವಳು ಹೇಳಿದ್ದನ್ನೆಲ್ಲ ಕೇಳಿ ಬಂದಳು. ಮುದುಕಿ ತನ್ನ ದೇವರಿಗೆ ಹರಕೆ ಹೊರುತ್ತಿದ್ದಳು, ಇವಳು ಮನಸ್ಸಿನಲ್ಲೇ ದುವಾ ಮಾಡುತ್ತಿದ್ದಳು.

ಎಂಟನೇ ದಿನಕ್ಕೆ ಹುಡುಗಿ ಪಡಸಾಲೆಯ ಆ ತುದಿ ಮುಟ್ಟಿ ಎಲ್ಲೂ ಕೂರದೆ ಹಿಂದಿರುಗಿದಳು. ಬಂದವಳೇ ಸಕ್ಕುಬಾಯಿಯ ಟ್ರೇ ಮೇಲಿನ ಬಿಸ್ಕೀಟಿಗೆ ಕೈ ಹಾಕಿದಳು.

"ಇಷ್ಟು ದಿನ ಕುಂತು ಕಾಡಿದಿ, ಇನ್ನ ಓಡಿ ಕಾಡ್ತಿ, ಹೌದಿಲ್ಲೋ?" ಎಂದು ಸಕ್ಕುಬಾಯಿ ಗದರಿಸಿ ಇನ್ನೊಂದು ಕೊಟ್ಟರು.

ಪೋಸ್ಟಿಂಗಿನ ಕೊನೆಯ ದಿನ ಕಲ್ಯಾಣಕುಮಾರರು ತಸ್ಲೀಮಳನ್ನು ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ಜೇವರ್ಗಿ ಶಿಬಿರದ ಹಾಳೆಗಳ ಕಟ್ಟು. ಎಲ್ಲಕ್ಕಿಂತ ಮೇಲೆ ಅರವತ್ತನಾಲ್ಕನೇ ನಂಬರಿನದು, ಜಯಮಾಲಾಳದು. "ಗೋರಂಟಿ ಕಾರಣ ಅಂಕಿ ನಂಬಲಾಗದು. ತೊಂದರೆ ಇಲ್ಲ." ಕೆಳಗೆ ಅವಳ ಸಹಿ. ಅದರ ಕೆಳಗೆ ಮರುದಿನದ ತಾರೀಖು ಹಾಕಿ ಅವಳೇ ಬರೆದಿದ್ದ ಇನ್ನೊಂದು ಸಾಲು: "ನಿನ್ನೆ ಕಿವಿಯಲ್ಲಿ ನೋಡದೆ ಕಳಿಸಿದ್ದು ನನ್ನ ತಪ್ಪು. ಇಂದು ಕಿವಿಯಲ್ಲಿ ಎಪ್ಪತ್ತೊಂಬತ್ತು."

"ಕೂಡು," ಎಂದರು. "ಈ ಕಟ್ಟು ನಾಳೆ ಕಾಲೇಜಿನ ಕಮಿಟಿಗಿ ಹೋಗ್ತದ. ಈ ತಂಡದಾಗ ಛಲೋ ವಿದ್ಯಾರ್ಥಿ ಅಂತ ನಾ ನಿನ್ನ ಹೆಸರು ಕಳಿಸಾಕತ್ತೇನಿ. ಅವರು ಈ ಹಾಳಿ ನೋಡಿದ್ರ ಕೂಸಿನ ಕತಿ ಕೇಳಂಗಿಲ್ಲ, ಬರೇ ತಪ್ಪು ಓದ್ತಾರ." ಡ್ರಾಯರಿನಿಂದ ಒಂದು ಖಾಲಿ ಹಾಳೆ ತೆಗೆದು ಅವಳ ಮುಂದೆ ಸರಿಸಿದರು. ಅದರ ಮೇಲೆ ಅರವತ್ತನಾಲ್ಕು ಅಂತ ಆಗಲೇ ಬರೆದಿತ್ತು. "ಎಪ್ಪತ್ತೊಂಬತ್ತು ಅಂತಷ್ಟೇ ಬರಿ. ನಾ ಸಹಿ ಹಾಕ್ತೇನಿ. ಇದು ಸುಳ್ಳೂ ಅಲ್ಲ."

ತಸ್ಲೀಮಳಿಗೆ ಅವರು ತನ್ನ ಮೇಲೆ ಇಟ್ಟ ಪ್ರೀತಿ ತಿಳಿಯಿತು. ಅಷ್ಟು ದೊಡ್ಡ ಮನುಷ್ಯ ಬೇರೆ ಯಾವ ವಿದ್ಯಾರ್ಥಿಗೂ ಹೀಗೆ ಕುಳಿತು ಹೇಳಿರಲಿಕ್ಕಿಲ್ಲ. ಖಾಲಿ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ, ಮಡಿಕೆ ಬೀಳದಂತೆ ಅವರ ಕಡೆಗೇ ಇಟ್ಟಳು.

"ಬ್ಯಾಡ್ರಿ ಸರ್. ಸೋಮವಾರ ಆಳಂದದಾಗ ಶಿಬಿರ ಅದ, ಬ್ಯಾರೆ ತಂಡದವರು ಕೂಡ್ತಾರ. ಅಲ್ಲೂ ಮದುವಿ ಸುರು ಆಗ್ಯಾವ, ಕೈತುಂಬ ಗೋರಂಟಿ ಇರ್ತದ. ನಾ ಎಲ್ಲಿ ತಪ್ಪಿದೆ ಅಂತ ಅವರು ಈ ಹಾಳಿ ಓದೇ ಹೋಗ್ಲಿ."

"ನಿನ್ನ ಹೆಸರು ಕೈಬಿಟ್ಟು ಹೋಗ್ತದಲ್ಲವಾ."

"ಹೋಗ್ಲಿ ಬಿಡ್ರಿ. ನಿಂಬೆವ್ವಗ ಗೊತ್ತದ, ನಿಮಗ ಗೊತ್ತದ."

ಕಲ್ಯಾಣಕುಮಾರರು ಖಾಲಿ ಹಾಳೆಯನ್ನು ಮತ್ತೊಮ್ಮೆ ಅವಳತ್ತ ಸರಿಸಲು ನೋಡಿದರು. ತಸ್ಲೀಮ ನಗುತ್ತ ತಲೆಯಾಡಿಸಿ, ಎದ್ದು, ಸಲಾಮ್ ಹೇಳಿ ಹೊರಗೆ ನಡೆದಳು.